ಹೂಂ ಅನ್ನದ ಊರು

ಏಳು ಕೆರೆಗಳ ಆಚೆ ಒಂದು ಊರಿತ್ತಂತೆ. ಆ ಊರಲ್ಲಿ ಒಬ್ಬ ಮುದುಕಿ ಇದ್ದಳಂತೆ. ಅವಳ ಹೊಟ್ಟೆಯೊಳಗೆ ಕತೆಗಳ ಕಣಜವೇ ಇತ್ತಂತೆ. ಎದುರಿಗೆ ಕೂತವರು ‘ಹೂಂ’ ಅಂದರೆ ಕಣಜದ ಬಾಯಿ ತೆರೆಯುತ್ತಿತ್ತು, ಅನ್ನದಿದ್ದರೆ ಮುಚ್ಚಿಕೊಳ್ಳುತ್ತಿತ್ತು. ಮುದುಕಿಗೆ ಇಬ್ಬರು ಗಂಡುಮಕ್ಕಳು. ಹೊಲ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಕೊನೆಗೆ ಮುದುಕಿ ಉಳಿದಳು. ಅವಳನ್ನು ಕೊಯ್ದು ಹಂಚಲಾಗುವುದಿಲ್ಲವಲ್ಲ, ವರ್ಷವನ್ನೇ ಕೊಯ್ದರಂತೆ. ಶ್ರಾವಣದಿಂದ ಶಿವರಾತ್ರಿಯ ತನಕ ಹಿರಿಯವನ ಮನೆ, ಶಿವರಾತ್ರಿಯಿಂದ ಶ್ರಾವಣದ ತನಕ ಕಿರಿಯವನ ಮನೆ. ಒಂದು ಮನೆಯಲ್ಲಿ ಹೂಂ ಅನ್ನುವ ಮೊಮ್ಮಗಳಿದ್ದಳಂತೆ. ಇನ್ನೊಂದರಲ್ಲಿ ಯಾರೂ ಇರಲಿಲ್ಲವಂತೆ.

ಇದು ಅಜ್ಜಿ ಹೇಳಿದ ಕತೆಯಲ್ಲ. ಗುಬ್ಬಿಯ ನಮ್ಮ ಮನೆಯಲ್ಲಿ, ಅವಳ ಮಂಚದ ಪಕ್ಕ ಕೂತು ನಾನೇ ಕಟ್ಟಿಕೊಂಡದ್ದು. ಹೂಂ ಅನ್ನುವ ಮೊಮ್ಮಗಳು ಅಕ್ಷತಾ, ಅಂದರೆ ನಾನು.

ಹೋದ ಶ್ರಾವಣದಲ್ಲಿ ಅಜ್ಜಿ ಕುಣಿಗಲ್ಲಿನ ಗುರುಪ್ರಕಾಶ್ ಚಿಕ್ಕಪ್ಪನ ಮನೆಯಿಂದ ನಮ್ಮಲ್ಲಿಗೆ ಬಂದದ್ದು ಬಾಡಿಗೆ ಕಾರಿನಲ್ಲಿ. ಹೆಬ್ಬೂರು ದಾಟುವಾಗ ತಡೆಯಲಾಗದೆ ಸೀಟು ಒದ್ದೆಯಾಯಿತಂತೆ. ಡ್ರೈವರ್ ಅಲ್ಲಿಂದ ಬೈಯಲು ಶುರು ಮಾಡಿದವನು ನಮ್ಮ ಬಾಗಿಲಿಗೆ ಬಂದರೂ ನಿಲ್ಲಿಸಿರಲಿಲ್ಲ. ಅಜ್ಜಿ ಕಾರಿಂದ ಇಳಿದು, ಬಗ್ಗಿ, ತನ್ನ ಸೆರಗಿನಿಂದ ಆ ಸೀಟು ಒರೆಸುತ್ತಿದ್ದಳು. ಒಳಗೆ ಬಂದ ಮೇಲೆ ಎಷ್ಟೋ ದಿನ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಸುಮ್ಮನೆ ಪಕ್ಕದಲ್ಲಿ ಕೂತು, ಅವಳು ಏನೂ ಹೇಳದಿದ್ದರೂ, ಆಗೊಮ್ಮೆ ಈಗೊಮ್ಮೆ ‘ಹೂಂ’ ಅನ್ನುತ್ತಿದ್ದೆ. ಒಂದು ಸಂಜೆ ಅವಳಾಗಿಯೇ ತುಟಿ ತೆರೆದಳು.

“ಅಲ್ಲಿ ಎಲ್ರೂ ಒಳ್ಳೇರೇ ಮಗಾ. ಬೆಳಿಗ್ಗೆ ಬಾಕ್ಸಲ್ಲಿ ಊಟ ಇಟ್ಟು, ಹೊರಗಡೆ ಬೀಗ ಹಾಕ್ಕೊಂಡು ಕೆಲ್ಸಕ್ಕೆ ಹೋಯ್ತಾರೆ. ಸಾಯಂಕಾಲ ಬಂದು ಉಂಡ್ಯಾ ಅಂತಾರೆ. ಅಷ್ಟೇಯ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಹೋಗೋದು ಬರೋದು ಇದ್ದಿದ್ದೇ. ಆದ್ರೆ ಇನ್ನೊಂದ್ ಸಲ ನನ್ನ ಬಾಡಿಗೆ ಕಾರಿಗೆ ಹತ್ತಿಸ್ಬ್ಯಾಡ್ರವ್ವ.”

“ಇನ್ಮೇಲೆ ನೀನ್ ಎಲ್ಲಿಗೆ ಹೋಗೋದಿದ್ರೂ ನಾನೇ ಕರ್ಕೊಂಡು ಹೋಗ್ತೀನಿ ಅಜ್ಜಿ. ಆಣೆ,” ಅಂದುಬಿಟ್ಟೆ.

ಅಂಗಳದಲ್ಲಿ ನಮ್ಮ ಹಳೆಯ ಕಾರು ಧೂಳು ತಿನ್ನುತ್ತಾ ನಿಂತಿತ್ತು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣಿಗೆ ಮಂಜು ಕವಿದು, ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬೇಡಿ ಅಂದಿದ್ದರು. ನಾನು ಎಲ್‌ಎಲ್‌ಆರ್ ಮಾಡಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ದಯಾನಂದಣ್ಣನ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡೆ. ಕಲಿಯುವಾಗೆಲ್ಲ ಅಜ್ಜಿಯನ್ನು ಮನಸ್ಸಿನಲ್ಲಿ ಪಕ್ಕದ ಸೀಟಿಗೆ ಕೂರಿಸಿಕೊಂಡು ಎಲ್ಲೆಲ್ಲಿಗೋ ಒಯ್ಯುತ್ತಿದ್ದೆ. ಹುಲಿಯೂರುದುರ್ಗದ ಅವಳ ತವರಿಗೆ, ಅಲ್ಲಿಯ ಬೆಟ್ಟದ ಬುಡಕ್ಕೆ, ಅವಳ ಕತೆಗಳಲ್ಲಿ ಮಾತ್ರ ಇರುವ ಊರುಗಳಿಗೆ. ಕುಣಿಗಲ್ಲಿಗೆ ಒಂದು ಸಲವೂ ಒಯ್ದಿರಲಿಲ್ಲ.

“ಏನಮ್ಮಾ ಇದು?” ದಯಾನಂದಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. “ಕ್ಲಚ್ ಬಿಡು ಅಂದ್ರೂ ಹೂಂ ಅಂತೀಯ, ಬ್ರೇಕ್ ಒತ್ತು ಅಂದ್ರೂ ಹೂಂ ಅಂತೀಯ, ಎದುರಿಗೆ ಎಮ್ಮೆ ಬಂತು ಅಂದ್ರೂ ಹೂಂ ಅಂತೀಯಲ್ಲ! ನಾನೇನ್ ಕತೆ ಹೇಳ್ತಿದೀನಾ?”

“ಹೂಂ ಅಣ್ಣ.”

“ಕರ್ಮ!”

ಆದರೂ ಕೈ ಹದಕ್ಕೆ ಬಂತು. ಚೇಳೂರು ರಸ್ತೆಯಲ್ಲಿ ಹಾಲಿನ ವ್ಯಾನುಗಳ ನಡುವೆ ನುಗ್ಗುವುದು, ದಿಬ್ಬದ ಮೇಲೆ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಎತ್ತುವುದು, ಎರಡು ಕಂಬಗಳ ನಡುವೆ ರಿವರ್ಸ್ ತೆಗೆದು ನಿಲ್ಲಿಸುವುದು, ಎಲ್ಲ ಬಂತು. ರಿವರ್ಸ್ ಅಂತೂ ನನಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. “ನಿನ್ ಕುತ್ತಿಗೇಲಿ ಗೂಬೆ ಇದೆ ಕಣಮ್ಮ,” ಅನ್ನುತ್ತಿದ್ದ ಅವನು. ಅದು ಹೊಗಳಿಕೆ; ಗೂಬೆ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತದಲ್ಲ.

ಶಿವರಾತ್ರಿ ಮುಗಿದ ಮಾರನೆಯ ದಿನ ಚಿಕ್ಕಪ್ಪನ ಫೋನು ಬಂತು. ಅಪ್ಪನಿಗೆ ಪರದೆ ಕಾಣುವುದಿಲ್ಲ, ಅದಕ್ಕೆ ಸದಾ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

“ಷಡಕ್ಷರಣ್ಣ, ಪಾಳಿ ಅಂದ್ರೆ ಪಾಳಿ. ಮೇಲಿನ ರೂಮು ಕ್ಲೀನ್ ಮಾಡ್ಸಿದೀನಿ. ಅವ್ವನ್ನ ಯಾವಾಗ ಕಳಿಸ್ತೀಯ?”

“ಬಾಡಿಗೆ ಕಾರು ಅಂದ್ರೆ ಅವ್ವ ಮಂಚ ಹಿಡ್ಕೊಂಡ್ ಬಿಡ್ತಾಳೆ ಕಣೋ. ಅಕ್ಷತಂಗೆ ಲೈಸನ್ಸ್ ಬಂದ್ಬಿಡ್ಲಿ, ಅವಳೇ ತಂದು ಬಿಡ್ತಾಳೆ. ಅಲ್ಲಿ ತನ್ಕ ಇಲ್ಲೇ ಇರ್ಲಿ.”

ನಾನು ಅಜ್ಜಿಯ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನಾನು ಕೊಟ್ಟ ಮಾತನ್ನು ಅಪ್ಪ ಅಷ್ಟು ಸಲೀಸಾಗಿ ಎತ್ತಿಕೊಂಡಿದ್ದರು. ‘ಎಲ್ಲಿಗೆ ಹೋಗೋದಿದ್ರೂ’ ಅಂದಿದ್ದೆನಲ್ಲ.

ತುಮಕೂರಿನಲ್ಲಿ ಲೈಸನ್ಸ್ ಟೆಸ್ಟ್ ಇದ್ದ ದಿನ, ದಯಾನಂದಣ್ಣ ಪಕ್ಕದಲ್ಲಿ ಕೂತಿರಲು, ನಾನು ಎಂಟರ ಆಕಾರದ ಸುತ್ತನ್ನು ಒಂದೂ ಗೆರೆ ಮುಟ್ಟದೆ ಮುಗಿಸಿದೆ. ದಿಬ್ಬ ಹತ್ತಿಸಿದೆ. ಕೊನೆಗೆ ರಿವರ್ಸ್. ಕನ್ನಡಿಯಲ್ಲಿ ಕಂಬ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಬುಡದಲ್ಲಿ ಯಾರೋ ಬಿಟ್ಟುಹೋದ ಚಹಾದ ಲೋಟವೂ ಕಾಣುತ್ತಿತ್ತು. ಪಾಸಾದರೆ ಅಜ್ಜಿ ಹೋಗುತ್ತಾಳೆ. ಸ್ಟೀರಿಂಗನ್ನು ಇಷ್ಟೇ ಇಷ್ಟು ಜಾಸ್ತಿ ತಿರುಗಿಸಿದೆ. ಕಂಬ ಬಿತ್ತು.

“ಮುಂದಿನ್ ಸಲ ಬನ್ನಿ,” ಅಂದರು ಇನ್ಸ್‌ಪೆಕ್ಟರ್, ತಲೆಯೆತ್ತದೆ.

ವಾಪಸು ಬರುವಾಗ ದಯಾನಂದಣ್ಣ ಮಲ್ಲಸಂದ್ರ ದಾಟುವ ತನಕ ಕನ್ನಡಿಯನ್ನೇ ಸರಿಮಾಡುತ್ತಿದ್ದ. ಆಮೇಲೆ, “ನಿನ್ ಗೂಬೆ ಇವತ್ತು ರಜಾ ಹಾಕಿತ್ತೇನಮ್ಮ?” ಅಂದ. ನಾನು ಹೂಂ ಅನ್ನಲಿಲ್ಲ.

ಎರಡನೆಯ ಸಲ ದಿಬ್ಬದ ಮೇಲೆ ಇಂಜಿನ್ ಆಫ್ ಮಾಡಿಕೊಂಡೆ. ಕಾರು ಹಿಂದಕ್ಕೆ ಜಾರಿತು. ದಯಾನಂದಣ್ಣ ತನ್ನ ಕಡೆಯ ಬ್ರೇಕ್ ಒತ್ತಿ ಹಿಡಿದು, ನನ್ನ ಮುಖವನ್ನೇ ನೋಡಿದ. “ಕಲಿಸಿದೋನ್ ಮಾನ ಯಾಕಮ್ಮ ಕಳೀತೀಯ?” ಅಂದ ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಅಜ್ಜಿ ಕತೆ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಒಂದೊಂದು ಕತೆಯೂ ಈಗ ಅರ್ಧಕ್ಕೇ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಯೊಳಗೆ ಇಳಿದ ಮೇಲೆ ಏನಾಯಿತು ಅನ್ನುವುದು ಅವಳಿಗೆ ಮರೆತುಹೋಗುತ್ತಿತ್ತು. “ನಾಳೆ ಹೇಳ್ತೀನಿ ಬುಡು,” ಅನ್ನುತ್ತಿದ್ದಳು. ಬಾವಿಯಲ್ಲಿ ಎಷ್ಟು ಜನ ರಾಜಕುಮಾರಿಯರು ಉಳಿದುಕೊಂಡರೋ.

ಮೂರನೆಯ ಟೆಸ್ಟಿನ ಹಿಂದಿನ ದಿನ ಬೆಳಿಗ್ಗೆ, ನಾನು ಹಾಲು ತರಲು ಹೋಗಿದ್ದೆ. ವಾಪಸು ಬಂದಾಗ ಬಚ್ಚಲಮನೆಯ ಬಾಗಿಲು ತೆರೆದಿತ್ತು. ಅಮ್ಮ ಒದ್ದೆ ನೆಲದ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲೆ ಅಜ್ಜಿ, ಮೈಮೇಲೆ ಬರೀ ಟವೆಲು, ಕೊರಳಲ್ಲಿ ಲಿಂಗದ ಕರಡಿಗೆ. ಸ್ನಾನ ಮಾಡಿಸಿ ಎಬ್ಬಿಸುವಾಗ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಬೀಳುವಾಗ ಅಜ್ಜಿಗೆ ಪೆಟ್ಟಾಗದಂತೆ ತಾನು ಕೆಳಗೆ ಬಿದ್ದಿದ್ದಳು. ಇಬ್ಬರಿಗೂ ಏಳಲಾಗದೆ ಅಷ್ಟು ಹೊತ್ತು ಹಾಗೇ ಕೂತಿದ್ದರು. ಅಪ್ಪ ಹೊರಗೆ ಗೋಡೆ ತಡವುತ್ತಾ, “ಏನಾಯ್ತೇ, ಏನಾಯ್ತೇ” ಅನ್ನುತ್ತಿದ್ದರು.

ಅಜ್ಜಿಯನ್ನು ಎತ್ತಿ ಮಲಗಿಸಿ, ಅಮ್ಮನ ಬೆನ್ನಿಗೆ ಬಿಸಿನೀರಿನ ಬ್ಯಾಗ್ ಇಡಲು ಹೋದೆ. ಅಮ್ಮ ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು: “ನೀನ್ ಕತೆ ಕೇಳ್ತೀಯ. ಹೊತ್ತಿಗೆ ಸರ್ಯಾಗಿ ಎತ್ತಿ ಇಳಿಸೋಳು ನಾನು. ನಂಗೂ ಆರು ತಿಂಗಳು ರಜಾ ಬೇಡ್ವೇನೇ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬ್ಯಾಗನ್ನು ಅವಳ ಸೊಂಟಕ್ಕೆ ಒತ್ತಿ ಹಿಡಿದೆ.

ಆ ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದಳು.

“ಬೇಕೂಂತ ಫೇಲಾಗ್ತಿದೀಯ ಅಲ್ವೇನೇ?”

ನಾನು ಅವಳ ಹೊದಿಕೆಯ ಅಂಚು ಸರಿಮಾಡತೊಡಗಿದೆ.

“ಎಂಥಾ ರಾಜಕುಮಾರಿ ಕಣೇ ನೀನು! ಏಳು ಸಮುದ್ರ ದಾಟ್ತೀನಿ ಅಂತ ಮಾತು ಕೊಟ್ಟು, ನೆಗಡಿ ಅಂತ ಮಲ್ಕೊಂಡಿದ್ಯಲ್ಲ.”

“ಅಲ್ಲಿ ಹೂಂ ಅನ್ನೋರು ಯಾರಜ್ಜಿ?”

“ಯಾರೂ ಅನ್ನಲ್ಲ ಬುಡು. ಫ್ಯಾನ್ ಅಂತದೆ. ಎಣ್ಣೆ ಕಂಡು ಯಾವ್ ಕಾಲ ಆಯ್ತೋ, ಕಿರ್ ಕಿರ್ ಅಂತ ರಾತ್ರಿಯೆಲ್ಲ ಹೂಂಗುಡ್ತದೆ.” ಅವಳು ನಕ್ಕಳು. ಹಲ್ಲಿಲ್ಲದ ಆ ನಗು ಕೆಮ್ಮಾಗಿ ಮುಗಿಯಿತು. “ನೋಡು ಮಗಾ. ನಿಮ್ಮವ್ವನ ಸೊಂಟ ಮುರಿದು ನಾನಿಲ್ಲಿ ಕತೆ ಹೇಳ್ಕೊಂಡಿರ್ಲಾ? ನಾಳೆನೂ ನೀನು ಫೇಲಾದ್ರೆ ನಿಮ್ಮಪ್ಪ ಬಾಡಿಗೆ ಕಾರಿಗೇ ಹೇಳ್ತಾನೆ. ಹೋಗೋದಂತೂ ಹೋಗ್ಬೇಕು. ಬೈಸ್ಕೊಂಡು ಹೋಗಾಕಾಗಲ್ಲ ನನ್ ಕೈಲಿ. ನೀನ್ ಕರ್ಕೊಂಡ್ ಹೋಗು.”

ಮರುದಿನ ನಾನು ಯಾವ ಗೆರೆಯನ್ನೂ ಮುಟ್ಟಲಿಲ್ಲ. ದಿಬ್ಬದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಹಾಫ್ ಕ್ಲಚ್‌ನಲ್ಲಿ ಇಂಜಿನ್ನಿನ ನಡುಕ ಪಾದಕ್ಕೆ ತಾಗುವ ತನಕ ಕಾದು, ಒಂದಿಷ್ಟೂ ಜಾರದೆ ಎತ್ತಿದೆ. ರಿವರ್ಸಿನಲ್ಲಿ ಎರಡು ಕಂಬಗಳೂ ಕನ್ನಡಿಯಲ್ಲಿ ಸಮನಾಗಿ ಹತ್ತಿರ ಬಂದವು. ನನಗೆ ಅಳು ಬರುತ್ತಿತ್ತು. ಅಳುತ್ತಲೇ ಸರಿಯಾಗಿ ನಿಲ್ಲಿಸಿದೆ.

“ಯಾಕಮ್ಮ ಅಳ್ತಿದೀರ? ಪಾಸಾಗಿದೀರ,” ಅಂದರು ಇನ್ಸ್‌ಪೆಕ್ಟರ್.

“ಖುಷಿಗೆ ಸಾರ್,” ಅಂದ ದಯಾನಂದಣ್ಣ ನನ್ನ ಪರವಾಗಿ. ಅವನಿಗೆ ನಾನು ಏನನ್ನೂ ಹೇಳಿರಲಿಲ್ಲ. ಆದರೆ ಆ ದಿನ ವಾಪಸು ಬರುವ ದಾರಿಯಲ್ಲಿ ಅವನು ಯಾವ ಕೀಟಲೆಯನ್ನೂ ಮಾಡಲಿಲ್ಲ.

ಲೈಸನ್ಸ್ ಕಾರ್ಡು ಪೋಸ್ಟಿನಲ್ಲಿ ಬಂದಾಗ ಅಪ್ಪ ಅದನ್ನು ಕಣ್ಣಿನ ಹತ್ತಿರ ಹತ್ತಿರ ಹಿಡಿದು, ಆಮೇಲೆ ಬೆರಳಿನಿಂದ ಸವರಿದರು. “ನನ್ ಮಗಳು,” ಅಂದರು. ಆ ಭಾನುವಾರ ಬೆಳಿಗ್ಗೆ ಅಜ್ಜಿಯ ಬಟ್ಟೆಯ ಬ್ಯಾಗು, ವಿಭೂತಿ, ಸೊಂಟಕ್ಕೆ ಕಟ್ಟುವ ಎಲೆಯಡಿಕೆ ಚೀಲ, ಎಲ್ಲ ಕಾರಿಗೆ ಬಂದವು. ಅಮ್ಮ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡೇ ಬಂದು, ಮುಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ, ಮೇಲೆ ತನ್ನದೇ ಒಂದು ಮೆತ್ತನೆ ಸೀರೆಯನ್ನು ಮಡಿಸಿ ಹಾಸಿದಳು. ಆಮೇಲೆ ಅತ್ತೆಯ ಕಾಲು ಮುಟ್ಟಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಗೇಟಿನಲ್ಲಿ ನಿಂತು ಕೈ ಬೀಸಿದರು. ಕಾರು ಎಡಕ್ಕೆ ತಿರುಗಿದ ಮೇಲೂ ಬಲಗಡೆಗೇ ಬೀಸುತ್ತಿದ್ದರು.

ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದೆ. ಗೂಳೂರು ಬಂದಾಗ ಅಜ್ಜಿ ಗಣಪನ ಗುಡಿಯ ಕಡೆ ಕೈ ಮುಗಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, “ಒಬ್ಬ ರಾಜಕುಮಾರಿ ಇದ್ಲಂತೆ. ಅವಳು ಬಾವಿಗೆ...” ಅಂದು ನಿಂತಳು. ಮುಂದೆ ರಸ್ತೆಯನ್ನು ನೋಡಿದಳು, ಕತೆ ಅಲ್ಲೆಲ್ಲೋ ಬಿದ್ದಿರಬಹುದು ಅನ್ನುವ ಹಾಗೆ.

“ಮರ್ತೋಯ್ತು ಕಣೇ. ನೀನೇ ಒಂದ್ ಹೇಳು.”

ನನಗೆ ಗೊತ್ತಿದ್ದದ್ದು ಒಂದೇ. “ಏಳು ಕೆರೆ ಆಚೆ ಒಂದು ಊರಿತ್ತಂತೆ,” ಅಂದೆ.

“ಹೂಂ.”

“ಆ ಊರಲ್ಲಿ ಒಬ್ಬ ಮುದುಕಿ ಇದ್ಲಂತೆ.”

“ಹೂಂ.”

ಹುಟ್ಟಿದಾಗಿಂದ ಅವಳು ಹೇಳಿದ್ದಕ್ಕೆ ನಾನು ಹೂಂ ಅಂದಿದ್ದೆ. ನಾನು ಹೇಳಿದ್ದಕ್ಕೆ ಅವಳು ಹೂಂ ಅಂದದ್ದು ಇದೇ ಮೊದಲು. ಕಣಜದ ವಿಷಯ ಹೇಳಿದೆ, ವರ್ಷ ಕೊಯ್ದದ್ದು ಹೇಳಿದೆ. ಅಜ್ಜಿ ಒಂದು ಕಡೆ ನಕ್ಕಳು. ಹೆಬ್ಬೂರು ದಾಟುವಾಗ ಅವಳ ಹೂಂ ನಿಂತಿತು. ತಿರುಗಿ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕೈ ಆಗಲೇ ಸೆರಗು ಹುಡುಕುತ್ತಿತ್ತು. ಸೀಟು ಒದ್ದೆಯಾಗಿತ್ತು.

“ಮೊಮ್ಮಗಳಿಗೆ ಒಂದು ಕುದುರೆ ಗಾಡಿ ಸಿಕ್ತಂತೆ,” ಅಂದೆ, ಕತೆ ನಿಲ್ಲಿಸದೆ.

ಅವಳ ಕೈ ಸೆರಗು ಬಿಟ್ಟಿತು. “ಹೂಂ,” ಅಂದಳು.

ಮುಂದೆ ಒಂದು ಹುಣಸೆಮರದ ನೆರಳಲ್ಲಿ ನಿಲ್ಲಿಸಿ ಅಜ್ಜಿಯ ಸೀರೆ ಬದಲಾಯಿಸಿದೆ. ಆಮೇಲೆ ನಿಧಾನವಾಗಿ ಓಡಿಸಿದೆ. ಲಾರಿಯವರು, ಬೈಕಿನವರು ಎಲ್ಲರೂ ಹಾರ್ನ್ ಮಾಡಿ ಮುಂದೆ ಹೋದರು. ಎಷ್ಟು ನಿಧಾನ ಮಾಡಿದರೂ ಕುಣಿಗಲ್ಲಿನ ಕೆರೆ ಏರಿ ಬಂದೇ ಬಂತು.

ಚಿಕ್ಕಪ್ಪನ ಮನೆಯ ಗಲ್ಲಿ ಕಿರಿದು. ಒಳಗೆ ಮುಂದಾಗಿ ಹೋದರೆ ತಿರುಗಿಸಲು ಜಾಗವಿಲ್ಲ. ಅದಕ್ಕೆ ಬೀದಿಯಲ್ಲೇ ತಿರುಗಿಸಿ, ಕನ್ನಡಿಯಲ್ಲಿ ಎರಡೂ ಕಡೆಯ ಗೋಡೆ ನೋಡಿಕೊಂಡು, ರಿವರ್ಸಿನಲ್ಲಿ ಅವರ ಗೇಟಿನ ತನಕ ತಂದೆ. ಎಲ್ಲೂ ತಾಗಲಿಲ್ಲ.

“ಅಬ್ಬಾ, ಪಕ್ಕಾ ಡ್ರೈವರ್ ಆಗ್ಬಿಟ್ಯಲ್ಲೇ!” ಚಿಕ್ಕಪ್ಪ ಗೇಟು ತೆಗೆದು, ಹಿಂದಿನ ಸೀಟಿಂದ ಬ್ಯಾಗು ಇಳಿಸಿಕೊಂಡರು. ಮೇಲಿನ ರೂಮಿನ ಕಿಟಕಿ ತೆರೆದಿತ್ತು. ಒಳಗಿಂದ ಫ್ಯಾನಿನ ಸದ್ದು ಬರುತ್ತಿತ್ತು.

ಹ್ಯಾಂಡ್ ಬ್ರೇಕ್ ಎಳೆದೆ. ಇಂಜಿನ್ ಆಫ್ ಮಾಡಿದೆ.

“ಅಜ್ಜಿ, ಬಂದ್ವಿ.”

ಅವಳು ಗೇಟನ್ನು ನೋಡಿದಳು, ಮೆಟ್ಟಿಲುಗಳನ್ನು ನೋಡಿದಳು, ಆಮೇಲೆ ನನ್ನನ್ನು.

“ಹೂಂ,” ಅಂದಳು.