ಕೈ ತೊಳ್ಕೊಂಡು ಬಾ

“ಕುಡುಕರ ಎಂಜಲು ಲೋಟ ತೊಳ್ಯೋ ಕೈಲಿ ಹಾಸು ಮುಟ್ಬೇಡ ಲೇ,” ಎಂದರು ದೊಡ್ಡಪ್ಪ ಜಂಬುಲಿಂಗಪ್ಪ. “ಮಗ್ಗ ಮೈಲಿಗೆ ಆಗ್ತೈತೆ.”

ಎರ್ರಿಸ್ವಾಮಿಯ ಬೆರಳು ರೇಷ್ಮೆಗೆ ಇನ್ನೂ ತಾಕಿರಲಿಲ್ಲ. ಮಗ್ಗದುದ್ದಕ್ಕೂ ಬಿಗಿದ ಹಾಸಿನಲ್ಲಿ ಹರಿದು ಜೋಲುತ್ತಿದ್ದ ಒಂದು ಎಳೆಯನ್ನು ಕೂಡಿಸಲು ಬಗ್ಗಿದ್ದ, ಅಷ್ಟೇ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನೇಕಾರ ಚಿತ್ತಯ್ಯ ಹಲ್ಲು ಕಿರಿದ. ನೂಲು ಸುತ್ತುತ್ತಿದ್ದ ಹೆಂಗಸರು ರಾಟೆ ನಿಲ್ಲಿಸಿದರು. ಬಳ್ಳಾರಿಯಲ್ಲಿ ಸೀರೆ ಅಂಗಡಿ ಇಟ್ಟಿರುವ, ದೊಡ್ಡಪ್ಪನ ಅಳಿಯ ರವಿತೇಜ ಆಗಷ್ಟೇ ಕಾರಿನಿಂದ ಇಳಿದವನು, ಬಾಗಿಲಲ್ಲೇ ನಿಂತು ನೋಡಿದ.

ಅದು ಎರ್ರಿಸ್ವಾಮಿಯ ಅಪ್ಪನ ಮಗ್ಗ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿ ಅಪ್ಪ ಅವನನ್ನು ಆ ಗುಂಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿದ್ದ. ಅಪ್ಪ ಸತ್ತ ಮೇಲೆ ದೊಡ್ಡಪ್ಪ ಅಲ್ಲಿ ಚಿತ್ತಯ್ಯನನ್ನು ಕೂಲಿಗೆ ಕೂರಿಸಿ, ನೀನು ಎಲ್ಲಾದರೂ ಹೋಗಿ ದುಡಿದುಕೋ ಎಂದರು. ಹೋದ. ಬಳ್ಳಾರಿಯ ಬಾರೊಂದರ ಕೌಂಟರಿನ ಹಿಂದೆ ನಿಂತು ಕಂಡವರ ಬಾಯಿಗೆ ಮದ್ಯ ಬೆರೆಸಿ ಕೊಟ್ಟ. ಈಗ ಆ ಕೆಲಸ ಬಿಟ್ಟು, ಅಪ್ಪನ ಮಗ್ಗ ಕೊಡಿ ಎಂದು ಕೇಳಲು ಮೊಳಕಾಲ್ಮುರಿಗೆ ಬಂದಿದ್ದ. ಕೇಳುವ ಮೊದಲೇ ಉತ್ತರ ಸಿಕ್ಕಿತು. ಹೋಗು ಅಂದವರೂ ಇವರೇ, ಹೋದದ್ದು ಮೈಲಿಗೆ ಅನ್ನುವವರೂ ಇವರೇ.

ಸಂಜೆ ದೊಡ್ಡವ್ವ ಸೂರಮ್ಮ ಬಂದು, ಯಜಮಾನರು ಕರೀತಾರೆ ಎಂದಳು. ಮಗ್ಗದ ಮಾತೇ ಇರಬೇಕು. ನೇಯಲು ಕೂರುವ ಮುಂಚೆ ತೊಳೆಯುವ ಹಾಗೆ ಕೈಕಾಲು ತೊಳೆದುಕೊಂಡು ಹೋದ.

ಮಾಳಿಗೆಯ ಮೇಲೆ ಚಾಪೆ ಹಾಸಿತ್ತು. ಜಿನ್ನಿನ ಬಾಟಲಿ, ವರ್ಮುತ್ ಎಂಬ ಘಮದ ವೈನು, ಬಕೆಟ್ಟಿನಲ್ಲಿ ಚಿತ್ತಯ್ಯ ಹೊತ್ತು ತಂದ ಐಸು. ಅಳಿಯಂದಿರಿಗೆ ಅವೆರಡನ್ನೂ ಬೆರೆಸಿದ ಮಾರ್ಟಿನಿ ಬೇಕಂತೆ. ಹೊರಗೆ ಕುಡಿದರೆ ಊರು ನೋಡುತ್ತದಂತೆ, ಅದಕ್ಕೆ ಮನೆಯಲ್ಲೇ ಆಗಬೇಕಂತೆ. ಬೆಳಿಗ್ಗೆ ಬೈದ ದೊಡ್ಡಪ್ಪನ ದನಿಗೆ ಈಗ ಬೆಲ್ಲ ಮೆತ್ತಿತ್ತು.

ಬಕೆಟ್ಟು ಒದೆಯಬೇಕೆನಿಸಿತು. ಒದೆಯಲಿಲ್ಲ. ಮಗ್ಗ ಇನ್ನೂ ಕೆಳಗಿತ್ತು.

ಸ್ಟೀಲ್ ಚೊಂಬಿಗೆ ಐಸು ತುಂಬಿ ಜಿನ್ನು ಹೊಯ್ದ. ವರ್ಮುತ್ ಒಂದಿಷ್ಟೇ ತಾಕಿಸಿದ. ಕುಲುಕಿದರೆ ಮಬ್ಬಾಗುತ್ತದೆ, ಚಮಚ ಇಳಿಬಿಟ್ಟು ಸದ್ದಿಲ್ಲದೆ ತಿರುವಿದ. ಚೊಂಬಿನ ಮೈ ಬೆವರಿತು. ದೊಡ್ಡಪ್ಪನ ಮಗಳ ಮದುವೆಗೆ ಮುಯ್ಯಿ ಬಂದಿದ್ದ ಐಸ್‌ಕ್ರೀಮ್ ಬಟ್ಟಲುಗಳಿಗೆ ಟೀ ಸೋಸುವ ಜರಡಿಯಲ್ಲೇ ಸೋಸಿದ.

ಬಟ್ಟಲಿಗೆ ಹಾಕೋ ಆಲಿವ್ ಎಲ್ಲಿ ಎಂದ ರವಿತೇಜ. ಸೂರಮ್ಮ ಹೆಮ್ಮೆಯಿಂದ ತಟ್ಟೆ ತಂದಿಟ್ಟಳು. ಅಳಿಯ ತಂದ ಸೀಸೆಯ ಉಪ್ಪುನೀರಿನಲ್ಲಿದ್ದ ಹಸಿರು ಕಾಯಿಗಳನ್ನು ಅವಳು ಖಾರ ಹಾಕಲು ಮರೆತ ಉಪ್ಪಿನಕಾಯಿ ಎಂದುಕೊಂಡಿದ್ದಳು.

“ಊರಗಾಯಿ ಸಪ್ಪಗೈತೆ ಅಂತ ಖಾರದಪುಡಿ ಕಲಸಿ ಒಗ್ಗರಣೆ ಕೊಟ್ಟೀನಿ. ಇಂಗೂ ಹಾಕೀನಿ.”

ರವಿತೇಜ ಹೊಟ್ಟೆ ಹಿಡಿದುಕೊಂಡು ನಕ್ಕ. ದನ ಕಾಯೋಕೂ ಲಾಯಕ್ಕಿಲ್ಲ ಎಂದು ದೊಡ್ಡಪ್ಪ ಅಳಿಯನ ಎದುರೇ ಹೆಂಡತಿಗೆ ಬೈದರು. ಸೂರಮ್ಮ ತಟ್ಟೆ ಎತ್ತಿಕೊಳ್ಳಲು ಬಗ್ಗಿದಳು.

“ಇರ್ಲಿ ಬಿಡು ದೊಡ್ಡವ್ವ, ನಿಂಬೆ ಸಿಪ್ಪೆ ಸಾಕಾಗ್ತೈತೆ,” ಎಂದು ಎರ್ರಿಸ್ವಾಮಿ ಸಿಪ್ಪೆಯನ್ನು ತೆಳ್ಳಗೆ ಕೊಯ್ದು ಬಟ್ಟಲುಗಳ ಮೇಲೆ ಹಿಂಡಿದ. ಒಗ್ಗರಣೆಯ ಕಾಯೊಂದನ್ನು ತಾನು ಬಾಯಿಗೆ ಹಾಕಿಕೊಂಡು, ಅವರಿಬ್ಬರ ಮುಖ ನೋಡುತ್ತ ಅಗಿದ.

ಎರಡನೇ ಬಟ್ಟಲು ಇಳಿಯುವಷ್ಟರಲ್ಲಿ ದೊಡ್ಡಪ್ಪನ ಮುಖ ಸಡಿಲವಾಗಿತ್ತು.

“ನಿಮ್ಮಪ್ಪನ ಕೈಗುಣ ಕಣಲೇ ನಿಂದು. ನಾಳೆಯಿಂದ ಮಗ್ಗಕ್ಕೆ ಬಂದು ಕೂತ್ಕ. ಅಳಿಯಂದ್ರು ಬಂದಾಗ ಹಿಂಗೇ ಒಂದೀಟು ಮಾಡ್ಕೊಡು.” ಆಮೇಲೆ ನೆನಪಾದವರಂತೆ ಬೆರಳೆತ್ತಿದರು. “ಬರೋವಾಗ ಕೈ ಮಾತ್ರ ಚೆನ್ನಾಗಿ ತೊಳ್ಕೊಂಡು ಬಾ.”

ಎರ್ರಿಸ್ವಾಮಿ ಚಮಚವನ್ನು ಚೊಂಬಿನಲ್ಲೇ ಬಿಟ್ಟು ಎದ್ದ.

ಕೆಳಗೆ ಮಗ್ಗದ ಮನೆಯಲ್ಲಿ ಯಾರೂ ಇರಲಿಲ್ಲ. ಅಳಿಯ ಬಂದ ಸಡಗರದಲ್ಲಿ ನೇಯ್ಗೆ ನಿಂತಲ್ಲೇ ನಿಂತಿತ್ತು. ಆ ಎಳೆ ಇನ್ನೂ ಜೋಲುತ್ತಿತ್ತು. ಅವನು ಬಗ್ಗಿ, ಜಿನ್ನಿನ ಒದ್ದೆ ಆರದ ಬೆರಳುಗಳಿಂದ ಎರಡೂ ತುದಿ ಹಿಡಿದು ಹೊಸೆದು ಕೂಡಿಸಿದ. ಎಳೆ ಬಿಗಿಯಾಗಿ ನಿಂತಿತು.

“ಏನಂತೀಯಲೇ?” ಮಾಳಿಗೆಯಿಂದ ದೊಡ್ಡಪ್ಪ ಕೂಗಿದರು.

ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿದ. ಹಿಂದಿನಿಂದ ಮತ್ತೊಮ್ಮೆ ಕೂಗಿದ್ದು ಕೇಳಿಸಿತು. ಬೆರಳುಗಳಿಂದ ನಿಂಬೆಯ ವಾಸನೆ ಬರುತ್ತಲೇ ಇತ್ತು. ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.