ಎಡೆಯ ಕಜ್ಜಾಯ

ಭಾನುವಾರ ಸಂಜೆ ನಾಲ್ಕು ಗಂಟೆಗೆ ಚಿಕ್ಕರಸಿನಕೆರೆಯ ಚಲುವಮ್ಮನ ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಫೋನಿನೊಳಗೆ ಅವಳ ಮಗ ಶಿವರಾಮು ಬಂದು ಕೂತ. ಮಂಡ್ಯದ ಸಿನಿಮಾ ಬಳಗವೊಂದು ಅವನು ನಿರ್ದೇಶಿಸಿದ ಸಂಸಾರದ ಚಿತ್ರದ ಬಗ್ಗೆ ಆನ್‌ಲೈನ್ ಸಂವಾದ ಇಟ್ಟುಕೊಂಡಿತ್ತು. ಎಳ್ಳು ಕೇರುತ್ತಿದ್ದ ಚಲುವಮ್ಮ ಮೊರ ನಿಲ್ಲಿಸಿ ಇಣುಕಿದಳು.

"ಗಡ್ಡ ಬೋಳಿಸ್ಕೊಳಕ್ಕೂ ಪುರ್ಸೊತ್ತಿಲ್ವಂತಾ ಇವುನ್ಗೆ?"

"ಸುಮ್ನಿರವ್ವ, ನಮ್ ಮಾತು ಅವುನ್ಗೆ ಕೇಳ್ಸಲ್ಲ" ಎಂದಳು ಮಗಳು ಪುಷ್ಪಾ. ಊರೊಳಗೇ, ಎರಡು ಬೀದಿ ಆಚೆಗೆ ಮದುವೆಯಾಗಿದ್ದ ಅವಳಿಗೆ ತಮ್ಮನ ಗಡ್ಡದ ಚಿಂತೆಯಿರಲಿಲ್ಲ. ಅವನು ಒಂದು ಮಾತು ಆಡದಿದ್ದರೆ ಸಾಕಿತ್ತು.

ಸಿನಿಮಾದಲ್ಲೊಂದು ದೃಶ್ಯವಿತ್ತು. ಹಿರಿಯರ ಹಬ್ಬದಲ್ಲಿ ತೀರಿಹೋದ ತಾತನಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತಾರೆ. ತೆರೆದರೆ ಎಲೆಯ ಮೇಲೆ ಅರ್ಧ ಕಡಿದ ಕಜ್ಜಾಯ, ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ, ಅವಳ ಪುಟ್ಟ ತಮ್ಮ. ತಿಂದವಳು ನಾನೇ ಅನ್ನುತ್ತಾಳೆ ಹುಡುಗಿ, ಬೆನ್ನು ಬಾತುಕೊಳ್ಳುವಷ್ಟು ಏಟು ತಿನ್ನುತ್ತಾಳೆ.

ಮನೆಯಲ್ಲಿ ನಡೆದದ್ದೂ ಹಾಗೆಯೇ. ಆ ವರ್ಷ ಎಮ್ಮೆ ಸತ್ತಿತು, ಅಪ್ಪನ ಕಾಲು ಮುರಿಯಿತು. ಎಡೆ ಎಂಜಲಾಗಿ ಹಿರಿಯರು ಮುನಿದರೆಂದು ಎರಡನ್ನೂ ಪುಷ್ಪಾಳ ತಲೆಗೆ ಕಟ್ಟಿದರು. ಅಂದಿನಿಂದ ನಲವತ್ತೊಂದು ವರ್ಷ ಚಲುವಮ್ಮ ಅವಳನ್ನು ಎಡೆಯ ಅಡುಗೆಗೆ ಸೇರಿಸಿಲ್ಲ. ಬಾಣಲೆಯ ಕಡೆ ಸುಳಿದರೆ ಸಾಕು, "ಬುಡು, ನೀ ಅಲ್ಲೇ ಜಗ್ಲಿ ಮ್ಯಾಲೆ ಕೂತ್ಕೊ" ಅನ್ನುವಳು. ಹುಟ್ಟಿದ ಮನೆಯಲ್ಲೇ ಪುಷ್ಪಾ ಪ್ರತಿ ವರ್ಷವೂ ನೆಂಟರ ಹಾಗೆ ಕೂತು ಉಂಡು ಹೋಗುತ್ತಿದ್ದಳು.

ಆದರೆ ತಿಂದವಳು ಅವಳಲ್ಲ. ಹಿತ್ತಿಲ ಬಾಗಿಲಿಂದ ನುಸುಳಿ ತಿಂದವನು ನಾಲ್ಕು ವರ್ಷದ ಶಿವರಾಮು. ಹುಡುಕಿಕೊಂಡು ಬಂದ ಪುಷ್ಪಾ ಅವನ ಬಾಯಿ ಒರೆಸುವಷ್ಟರಲ್ಲಿ ಬಾಗಿಲು ತೆರೆದಿತ್ತು. ಅವನಿಗೆ ನೆನಪಿದೆಯೋ ಇಲ್ಲವೋ ಅವಳು ಕೇಳಿದವಳಲ್ಲ. ದೊಡ್ಡವರಾದ ಮೇಲೆ ಕೇಳುವುದು ಚಾಡಿಯಂತೆ ಕಂಡಿತ್ತು.

ಫೋನಿನಲ್ಲಿ ನಿರೂಪಕಿ ಕೇಳಿದಳು: "ಆ ಹುಡುಗಿ ನಿಮ್ಮ ಕಲ್ಪನೆಯಾ ಸರ್?"

"ಇಲ್ಲ, ಅದು ನಮ್ಮಕ್ಕನೇ" ಎಂದ ಶಿವರಾಮು.

ಪುಷ್ಪಾಳ ಮುಖ ಬಾಡಿತು. ಇಷ್ಟು ದಿನ ಒಂದು ಮನೆಗೆ ಗೊತ್ತಿದ್ದದ್ದು ಈಗ ಜಿಲ್ಲೆಗೇ ಗೊತ್ತಾಯಿತು.

ಆಗ ಸಂವಾದ ಕೇಳುತ್ತಿದ್ದ ಬಂಡೂರಿನ ಅಂಕಯ್ಯ ಮೇಷ್ಟ್ರು ಮೈಕು ಆನ್ ಮಾಡಲು ಸಾಕಷ್ಟು ತಡಕಾಡಿ, ಕೊನೆಗೂ ಮಾತಿಗೆ ಸಿಕ್ಕರು. "ಒಂದು ಅನುಮಾನ. ತಿಂದವಳು ಹುಡುಗಿ. ಅವಳು ಲಂಗದಲ್ಲಿ ತಮ್ಮನ ಬಾಯಿ ಯಾಕೆ ಒರೆಸ್ತಾಳೆ?"

"ನನಗೆ ನೆನಪಿರೋದೇ ಅಷ್ಟು ಸರ್. ಒರಟು ಲಂಗ, ಬೆಲ್ಲದ ವಾಸನೆ. ಅಕ್ಕನ ಪ್ರೀತಿ ಅಂತ ಸಿನಿಮಾದಲ್ಲಿ ಇಟ್ಕೊಂಡೆ."

"ಪ್ರೀತಿ ಸರಿ ಕಣಪ್ಪ. ಬಾಯಿಗೆ ಬೆಲ್ಲ ಎಲ್ಲಿಂದ ಬಂತು?"

ಶಿವರಾಮು ಬಾಯಿ ತೆರೆದವನು ಹಾಗೇ ಕೂತ. "ಸರ್, ನೆಟ್‌ವರ್ಕ್ ಹೋಯ್ತಾ?" ಎಂದಳು ನಿರೂಪಕಿ. ನೆಟ್‌ವರ್ಕ್ ಸರಿಯಾಗೇ ಇತ್ತು. ಅವನ ಕಣ್ಣು ಪಿಳಿಪಿಳಿ ಅನ್ನುತ್ತಿತ್ತು.

"ಅಕ್ಕೋ" ಎಂದ ಅವನು, ಅಷ್ಟೂ ಜನರ ಮುಂದೆ. "ತಿಂದಿದ್ದು ನಾನಾ ಅಕ್ಕೋ?"

ಅಡುಗೆಮನೆಯಲ್ಲಿ ಚಲುವಮ್ಮ ಮೊರವನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದಳು.

"ಯಾಕಮ್ಮಿ ಅವತ್ತೇ ನಿಜ ಏಳ್ಲಿಲ್ಲ?"

"ನಾಕ್ ವರ್ಸದ ಮಗ ಕಣವ್ವ" ಎಂದಳು ಪುಷ್ಪಾ. "ನಿನ್ ಕೈ ಬಲು ಬಿರುಸು."

ಚಲುವಮ್ಮ ತನ್ನ ಅಂಗೈ ನೋಡಿಕೊಂಡಳು. ಎಪ್ಪತ್ತೆಂಟರ ವಯಸ್ಸಿನಲ್ಲಿ ಮಗಳ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು. ಎದ್ದು, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಪಾತ್ರೆ ತಂದು ಪುಷ್ಪಾಳ ಮುಂದಿಟ್ಟಳು. ಒಳಗೆ ಬರುವ ಹಿರಿಯರ ಹಬ್ಬದ ಎಡೆಗೆಂದು ಕಲಸಿಟ್ಟ ಕಜ್ಜಾಯದ ಹಿಟ್ಟು.

"ಪಾಕ ಅದವಾಗಿ ಬಂದದಾ ನೋಡು. ಅಮಾಸೆ ದಿನ ಬಾಣ್ಲಿ ಮುಂದೆ ನೀನೇ ಕೂರ್ಬೇಕು. ನಂಗೆ ಸೊಂಟ ಆಗಲ್ಲ" ಎಂದಳು.

ಫೋನಿನಲ್ಲಿ ತಮ್ಮ ಇನ್ನೂ ಕರೆಯುತ್ತಿದ್ದ. ಪುಷ್ಪಾ ಚಿಟಿಕೆ ಹಿಟ್ಟು ತೆಗೆದು ಎರಡು ಬೆರಳ ನಡುವೆ ಹೊಸಕಿ ನೋಡಿದಳು. ಹದವಾಗಿತ್ತು. ಬೆರಳಿಗಂಟಿದ ಬೆಲ್ಲವನ್ನು ನಾಲಿಗೆಗೆ ಸೋಕಿಸದೆ, ಎದ್ದು ಹೋಗಿ ಕೈ ತೊಳೆದುಕೊಂಡಳು.