ಕೊನೆಯ ಇಪ್ಪತ್ತು ಪರ್ಸೆಂಟು

ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ನಾನು. ಟ್ಯಾಂಕು ತುಂಬಿದೆಯೋ ಇಲ್ಲವೋ ನೋಡದೆ ಒಂದು ದಿನವೂ ಡಿಪೋದಿಂದ ಗಾಡಿ ಹೊರಗೆ ತೆಗೆದವನಲ್ಲ. ಮುಕ್ಕಾಲು ಟ್ಯಾಂಕು ಅಂದರೆ ನನ್ನ ಪಾಲಿಗೆ ಖಾಲಿ ಟ್ಯಾಂಕೇ. ರಿಟೈರ್ ಆದ ದಿನ ಮೇನೇಜರು ಹಾರ ಹಾಕಿ, "ಬಾಲರಾಜು ಅವರ ಗಾಡಿ ದಾರೀಲಿ ನಿಂತಿದ್ದೇ ಇಲ್ಲ" ಅಂದಾಗ ನಾನು ಉಬ್ಬಿಹೋಗಿದ್ದೆ. ಆ ಚಾಳಿಯೇ ಮುಂದೆ ನನ್ನ ತಂಗಿಯ ಮನೆಗೆ ಹೊಗೆ ಹಾಕುತ್ತದೆ ಅಂತ ಅವತ್ತು ಯಾರಾದರೂ ಹೇಳಿದ್ದರೆ ಅವನ ಕೆನ್ನೆಗೆ ಬಾರಿಸುತ್ತಿದ್ದೆನೇನೋ.

ರಿಟೈರ್ ಆದವನು ಸುಮ್ಮನೆ ಜಗಲಿಯ ಮೇಲೆ ಕೂರಬಹುದಿತ್ತು. ಕೂರಲಿಲ್ಲ. ಅಪ್ಪನಿಂದ ಬಂದ ತಿಪ್ಪಸಂದ್ರದ ಹೊಲದಲ್ಲಿ ಒಂದು ತುಂಡು ಮಾರಿ ಹಳೆಯ ಮಿನಿಬಸ್ಸು ಕೊಂಡು, ಅದರೊಳಗೆ ಮನೆ ಕಟ್ಟಿಸಿದೆ. ಮಂಚ, ಸಿಂಕು, ಪುಟ್ಟ ಫ್ರಿಜ್ಜು, ಕರೆಂಟ್ ಒಲೆ, ನನ್ನ ಹೆಂಡತಿ ಧನಲಕ್ಷ್ಮಿಗೆ ಮಿಕ್ಸಿ, ನನಗೆ ಟಿ.ವಿ. ಮಂಚದ ಕೆಳಗೆ ಎರಡು ದಪ್ಪ ಬ್ಯಾಟರಿ, ಮೇಲೆ ಸೋಲಾರ್ ಹಲಗೆ, ಹಿಂದೆ ಪೆಟ್ಟಿಗೆಯಲ್ಲಿ ಪೆಟ್ರೋಲ್ ಜನರೇಟರು. ವೈರಿಂಗ್ ಮಾಡಿದವನು ರಾಮನಗರದ ತನ್ವೀರ್. ಕೀಲಿ ಕೊಡುವಾಗ ಅವನು ಮೀಟರ್ ತೋರಿಸಿ ಪಾಠ ಮಾಡಿದ.

"ಅಂಕಲ್, ಬ್ಯಾಟರಿ ಎಂಬತ್ತು ಪರ್ಸೆಂಟ್ ತನಕ ಗಟಗಟ ಅಂತ ಕುಡೀತದೆ. ಆಮೇಲೆ ಒಂದೊಂದೇ ಗುಟುಕು. ಆ ಕೊನೇ ಇಪ್ಪತ್ತಕ್ಕೆ ಜನರೇಟರ್ ಓಡಿಸ್ಬೇಡಿ. ಪೆಟ್ರೋಲೂ ದಂಡ, ಹೊಗೆನೂ ದಂಡ. ಅದನ್ನ ಬಿಸಿಲಿಗೆ ಬಿಟ್ಬಿಡಿ. ಇಲ್ಲಾ ಯಾರ ಮನೇದಾದ್ರೂ ಪ್ಲಗ್‌ಗೆ ಹಾಕ್ಬಿಡಿ."

ತಲೆ ಆಡಿಸಿದೆ. ನಿನ್ನೆ ಮೊನ್ನೆ ಮೀಸೆ ಬಂದವನಿಂದ ನಾನು ಗಾಡಿ ಕಲಿಯಬೇಕೇ ಅಂತ ಒಳಗೇ ನಕ್ಕೆ.

ಮೊದಲ ಪಯಣ ಹೊಂಗನೂರಿಗೆ, ತಂಗಿ ಸಿದ್ದಮ್ಮನ ಮನೆಗೆ, ಗೌರಿ ಹಬ್ಬಕ್ಕೆ ಅಂತ ನಿಶ್ಚಯವಾಯಿತು. ಹನ್ನೊಂದು ವರ್ಷದಿಂದ ಅವಳ ಬಾಗಿನ ಯಾರ ಕೈಯಲ್ಲೋ ಹೋಗುತ್ತಿತ್ತು. ಕೇಳಿದವರಿಗೆಲ್ಲ ಡ್ಯೂಟಿ ಅನ್ನುತ್ತಿದ್ದೆ. ಡ್ಯೂಟಿ ಅರ್ಧ ನಿಜ. ಅಪ್ಪ ಹೋದ ಮೇಲೆ ಮಾಗಡಿಯ ರಿಜಿಸ್ಟ್ರಾರ್ ಆಫೀಸಿಗೆ ಅವಳನ್ನು ಕರೆದುಕೊಂಡು ಹೋಗಿ, ಹೊಲದಲ್ಲಿ ಪಾಲು ಬೇಡ ಅಂತ ಸೈನು ಹಾಕಿಸಿಕೊಂಡಿದ್ದೆ. ಅವಳು ಕಾಗದ ಓದಲೂ ಇಲ್ಲ. "ಅಣ್ಣ ಹೇಳಿದ್ಮೇಲೆ ಇನ್ನೇನು" ಅಂದಳು. ಹೊರಗೆ ಬಂದು ಒಂದು ಸೀರೆ ಕೊಡಿಸಿದೆ. ಅವತ್ತಿನಿಂದ ಅವಳ ಮುಖ ನೋಡಲು ನನಗೆ ಕಷ್ಟ. ಇನ್ನು ಅವಳ ಮನೆಯಿಂದ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಬಾರದು ಅಂತ ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಅದನ್ನು ಸ್ವಾಭಿಮಾನ ಅಂದುಕೊಂಡಿದ್ದೆ, ಮೂರ್ಖ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ತಲುಪಿದೆವು. ಸಿದ್ದಮ್ಮ ಓಡಿ ಬಂದು ಗಾಡಿಯ ಮೈ ಸವರಿದಳು. "ಮನೇನೇ ತಕಂಡ್ ಬಂದ್ಬುಟ್ಟಿದ್ದೀಯಲ್ಲಣ್ಣ!" ಅಂತ ನಕ್ಕಳು. ಆ ಗಾಡಿಯ ಚಕ್ರದಲ್ಲಿ ಅವಳ ಪಾಲೂ ಉರುಳುತ್ತಿತ್ತು. ಅವಳಿಗೆ ಗೊತ್ತಿತ್ತು, ಹೇಳಲಿಲ್ಲ.

ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಂಗಳದಲ್ಲಿ ಮಟ್ಟವಾದ ಜಾಗ ಇದ್ದದ್ದು ಒಂದೇ, ರೇಷ್ಮೆ ಹುಳದ ಮನೆಯ ಪಕ್ಕ. ಅಲ್ಲೇ ನಿಲ್ಲಿಸಿದೆ. ಹುಳ ತೋರಿಸು ಅಂದದ್ದಕ್ಕೆ ಸಿದ್ದಮ್ಮ ಬಾಗಿಲಲ್ಲೇ ತಡೆದು, ಬ್ಲೀಚಿಂಗ್ ನೀರಿನ ತಟ್ಟೆ ತೋರಿಸಿದಳು.

"ಕಾಲ್ ತೊಳ್ಕಂಡ್ ಬಾ ಅಣ್ಣ. ನೀನಾದ್ರೂ ಅಷ್ಟೇಯ, ದೇವ್ರಾದ್ರೂ ಅಷ್ಟೇಯ. ಬೀಡಿಗೀಡಿ ಸೇದಿಲ್ಲ ತಾನೆ?"

ಒಳಗೆ ಬಿದಿರಿನ ತಟ್ಟುಗಳ ತುಂಬ ಹುಳ, ಕಿರುಬೆರಳ ಉದ್ದ, ಮೇಯುವ ಸರಸರ ಸದ್ದು. ನಾಲ್ಕನೇ ಜ್ವರ ಕಳೆದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು ಐದು ದಿನ, ಇನ್ನೆರಡು ದಿನಕ್ಕೆ ಹಣ್ಣಾಗುತ್ತವೆ, ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತವೆ ಅಂದಳು. ಹೋದ ಎರಡು ಬೆಳೆ ಹಾಲುರೋಗಕ್ಕೆ ಹೋಗಿತ್ತಂತೆ.

"ಮದ್ವೆಯಾಗಿ ಬಂದ್ ವರ್ಸದಿಂದ ಹುಳ ಸಾಕ್ತಾವ್ನಿ. ಈ ಬೆಳೆ ಕೈ ಹಿಡುದ್ರೆ ಸೈ. ಇಲ್ದಿದ್ರೆ ಹುಳಕ್ಕೆ ಕೈ ಮುಗ್ದುಬುಡ್ತೀನಿ. ಆಗಕಿಲ್ಲ ಅಣ್ಣ ಇನ್ನು."

ನಾನೂ ಹುಳ ಸಾಕಿದ ಮನೆಯಲ್ಲೇ ಹುಟ್ಟಿದವನು. ಅಮ್ಮ ಹುಳ ಎದ್ದ ದಿನಗಳಲ್ಲಿ, ಹೊಗೆ ತಾಕಿದರೆ ಸಾಯುತ್ತವೆ ಅಂತ, ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಮರೆತಿದ್ದೆ ಅನ್ನಲಾರೆ. ಗಾಡಿಯ ಮುಂದೆ ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಸಂಜೆಗೆ ಅರ್ಧ ಊರೇ ಗಾಡಿ ನೋಡಲು ಬಂತು. ಟಿ.ವಿ. ಹಾಕಿದೆ, ಕರೆಂಟ್ ಒಲೆಯಲ್ಲಿ ಇಪ್ಪತ್ತು ಜನಕ್ಕೆ ಕಾಫಿ ಮಾಡಿಸಿದೆ, ದೀಪಗಳನ್ನೆಲ್ಲ ಉರಿಸಿದೆ. "ಊರಿಗೆಲ್ಲ ಬೆಳಕು ಕೊಡ್ತೀರಾ ನೀವು, ಒಂದಾದ್ರೂ ಆರ್ಸಿ" ಅಂತ ಧನಲಕ್ಷ್ಮಿ ಗೊಣಗಿದಳು. ಬೆಳಗಾಯಿತು, ಹಬ್ಬ. ಮೀಟರಿನಲ್ಲಿ ನಲವತ್ತು. ಭಾದ್ರಪದದ ಮೋಡ, ಸೋಲಾರ್ ಹಲಗೆ ಇದ್ದೂ ಸತ್ತಂತೆ. ಸಿದ್ದಮ್ಮ ಅರಿಶಿನದ ಕೈಯಲ್ಲೇ ಉದ್ದದ ವೈರು ಹಿಡಿದು ಬಂದಳು.

"ಹುಳದ್ ಮನೇಲಿ ಪ್ಲಗ್ ಐತೆ ಕಣಣ್ಣ. ಹಾಕ್ಕೋ."

"ಬ್ಯಾಡ ಬುಡು ಸಿದ್ದಿ. ನನ್ ಮನೆ ಕರೆಂಟ್ ನನ್ನತ್ರಾನೇ ಐತೆ," ಅಂದೆ.

ಅವಳ ಮುಖ ಒಸಿ ಸಣ್ಣದಾಯಿತು. ವೈರು ಸುತ್ತಿಕೊಂಡು ಒಳಗೆ ಹೋದಳು. ಬಾಗಿನ ಕೊಟ್ಟು, ಒಬ್ಬಟ್ಟಿನ ಊಟ ಮುಗಿಸಿ, ಹನ್ನೆರಡೂವರೆಗೆ ಜನರೇಟರಿನ ಹಗ್ಗ ಎಳೆದೆ.

ಎರಡೂವರೆಗೆ ಎಂಬತ್ತು ಬಂತು. ತನ್ವೀರ್ ಹೇಳಿದ ಎಂಬತ್ತು. ಆಗಲೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಆ ಘಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಿಲ್ಲಿಸುವ ಗುಂಡಿಯ ಮೇಲೆ ಬೆರಳೂ ಇಟ್ಟಿದ್ದೆ. ಮುಕ್ಕಾಲು ಟ್ಯಾಂಕಿಗೆ ಗಾಡಿ ತೆಗೆಯುವವನೇ ನೀನು ಅಂತ ಒಳಗಿನ ಡ್ರೈವರ್ ಕೇಳಿದ. ಬೆರಳು ತೆಗೆದೆ.

ಎಂಬತ್ತರಿಂದ ಎಂಬತ್ತೈದಕ್ಕೆ ಮುಕ್ಕಾಲು ಗಂಟೆ. ಗಾಳಿ ತಿರುಗಿ, ಹೊಗೆ ಹುಳದ ಮನೆಯ ಕಡೆ ಹೊರಳಿತ್ತು. ಸಿದ್ದಮ್ಮ ಬಂದಳು.

"ಇನ್ನೆಷ್ಟೊತ್ತು ಅಣ್ಣ?"

"ಇನ್ನೊಸಿ. ತುಂಬ್ಬುಡ್ಲಿ."

ಅವಳು ಹೋಗಿ ಹುಳದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿದಳು. ನೋಡುತ್ತಲೇ ಇದ್ದೆ. ಒಂದೂವರೆ ಗಂಟೆ ಬಿಟ್ಟು ಮತ್ತೆ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಆಯ್ತಾ ಅಣ್ಣ?" ಅಂದಳು.

"ತೊಂಬತ್ಮೂರು. ಇನ್ನೇನ್ ಆಗೋಯ್ತು ಕಣವ್ವ."

"ಆಗ್ಲಿ ಬುಡು," ಅಂದಳು.

ಹನ್ನೊಂದು ವರ್ಷಕ್ಕೆ ಬಂದ ಅಣ್ಣ, ಗೌರಿ ಹಬ್ಬ, ತವರಿನ ಬಾಗಿನ ಇನ್ನೂ ಮೊರದಲ್ಲಿದೆ. ಅವಳು ಹೇಗೆ ತಾನೇ ಬಾಯಿಬಿಟ್ಟು ನಿಲ್ಲಿಸು ಅಂದಾಳು? ಬೇರೆ ಯಾರೇ ಆಗಿದ್ದರೂ ಪೊರಕೆ ಹಿಡಿದು ಓಡಿಸುತ್ತಿದ್ದಳು. ಆರೂವರೆಗೆ ಮೀಟರು ನೂರು ತೋರಿಸಿತು. ನಾನು ಧನಲಕ್ಷ್ಮಿಯನ್ನು ಕರೆದು ಅದನ್ನು ತೋರಿಸಿದೆ ಬೇರೆ.

ಬೆಳಿಗ್ಗೆ ಎದ್ದಾಗ ಅಂಗಳ ನಿಶ್ಶಬ್ದವಾಗಿತ್ತು. ನನ್ನ ಮಂಚದಿಂದ ಗೋಡೆಯಾಚೆಗೆ ಹಿಂದಿನ ದಿನವೆಲ್ಲ ಕೇಳುತ್ತಿದ್ದ ಆ ಸರಸರ ಇರಲಿಲ್ಲ. ಕಾಲು ತೊಳೆದು ಒಳಗೆ ಹೋದೆ. ಹಾಕಿದ ಸೊಪ್ಪು ಹಾಗೇ ಹಸಿರಾಗಿ ಬಿದ್ದಿತ್ತು. ಹುಳಗಳು ತಲೆ ಎತ್ತಿ, ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ಸಿದ್ದಮ್ಮನ ಗಂಡ, ನನ್ನ ಭಾವ ಕೃಷ್ಣಪ್ಪ ತಲೆಯ ಮೇಲೆ ಕೈ ಹೊತ್ತು ಮೂಲೆಯಲ್ಲಿ ಕೂತಿದ್ದರು. ಸಿದ್ದಮ್ಮ ಒಂದೊಂದೇ ಹುಳವನ್ನು ಅಂಗೈಗೆ ತೆಗೆದುಕೊಂಡು ಊದುತ್ತಿದ್ದಳು, ಎದ್ದಾವೇನೋ ಅಂತ.

ಮಧ್ಯಾಹ್ನಕ್ಕೆ ಭಾವ ತೋಟದ ಅಂಚಿನಲ್ಲಿ ಗುಂಡಿ ತೋಡಿದರು. ತಟ್ಟುಗಳನ್ನು ನಾನೂ ಹೊತ್ತೆ. ಆ ಭಾರ ನನ್ನ ಜನ್ಮದಲ್ಲಿ ಹೊತ್ತ ಯಾವ ಭಾರಕ್ಕೂ ಸಮವಲ್ಲ. ಮಣ್ಣು ಮುಚ್ಚಿದ ಮೇಲೆ ನಾನು ಅವಳ ಮುಂದೆ ನಿಂತೆ. ಬೈಯಲಿ, ಶಪಿಸಲಿ ಅಂತ ಕಾದೆ.

"ನಮ್ಮನೆ ಕರೆಂಟ್ ಒಸಿ ತಕಂಡಿದ್ರೆ ನಿನ್ ಗಂಟೇನ್ ಹೋಗ್ತಿತ್ತಣ್ಣ?" ಅಂದಳು. ಅಷ್ಟೇ. ಆಮೇಲೆ ನಮಗೆ ದಾರಿಗೆ ಬುತ್ತಿ ಕಟ್ಟಲು ಒಳಗೆ ಹೋದಳು.

ನಷ್ಟ ತುಂಬಿಕೊಡುತ್ತೇನೆ ಅಂದೆ, ಒಪ್ಪಲಿಲ್ಲ. ಹೊಲದಲ್ಲಿ ಅವಳ ಪಾಲು ಬರೆದುಕೊಡುತ್ತೇನೆ ಅಂದೆ. "ಅದ್ಕೂ ಇದ್ಕೂ ಏನಣ್ಣ ಸಂಬಂದ" ಅಂದಳು. ಸಂಬಂಧ ಇತ್ತು. ಅವಳಿಂದ ಅಷ್ಟು ದೊಡ್ಡದನ್ನು ತೆಗೆದುಕೊಂಡವನು ಒಂದು ಪ್ಲಗ್ಗಿಗೆ ನಾಚಿಕೊಂಡೆನಲ್ಲ, ಸಂಬಂಧ ಅದೇ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬಂದದ್ದು ಅವಳದನ್ನು ಕೆಡಿಸಿದ ಮೇಲೆ.

ಯುಗಾದಿ ಕಳೆದು ಮತ್ತೆ ಹೋದೆ. ಈ ಸಲ ಗಾಡಿಯನ್ನು ಬೀದಿಯಲ್ಲೇ, ಓರೆಯಾಗಿ ನಿಲ್ಲಿಸಿದೆ. ಸಿದ್ದಮ್ಮ ನಗುತ್ತಲೇ ಬಂದಳು, ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು.

"ಯಾಕಣ್ಣ ಅಲ್ಲಿ ನಿಲ್ಲಿಸ್ದೆ? ಒಳೀಕ್ ತಕಂಬಾ. ಜನರೇಟ್ರು ಹಾಕ್ಕಂಡ್ರೂ ಈಗೇನೂ ತೊಂದ್ರೆ ಇಲ್ಲ."

ಚುಚ್ಚಿ ಆಡಿದ ಮಾತಲ್ಲ. ಅವಳಿಗೆ ಚುಚ್ಚಲು ಬರುವುದಿಲ್ಲ. ಅದಕ್ಕೇ ಅದು ಇವತ್ತಿಗೂ ಎದೆಯಿಂದ ಇಳಿದಿಲ್ಲ.

"ವೈರ್ ಕೊಡು ಸಿದ್ದಿ," ಅಂದೆ. "ನಿಮ್ಮನೆ ಪ್ಲಗ್‌ಗೇ ಹಾಕ್ತೀನಿ."

ವೈರು ಹಿಡಿದು ಹುಳದ ಮನೆಯ ಬಾಗಿಲಿಗೆ ಹೋದೆ. ನೀರಿನ ತಟ್ಟೆ ಅಲ್ಲಿರಲಿಲ್ಲ. ತೊಟ್ಟಿಯಿಂದ ಚೊಂಬು ತುಂಬಿಕೊಂಡು ಬಂದು, ಹೊಸ್ತಿಲ ಹೊರಗೆ ಬಗ್ಗಿ ಎರಡೂ ಕಾಲು ತೊಳೆಯತೊಡಗಿದೆ.

"ಅಣ್ಣ," ಅಂದಳು ಸಿದ್ದಮ್ಮ ಹಿಂದಿನಿಂದ. "ಕಾಲ್ ಯಾಕ್ ತೊಳೀತೀಯ? ಒಳಗೇನೂ ಇಲ್ವಲ್ಲ."